ಮೂವತ್ತೆರಡು ಪ್ರೋಗ್ರಾಂ, ಒಂದು ಎಡಗೈ: ಮೃದಂಗ ವಾದಕನೊಬ್ಬನ ಏಪ್ರಿಲ್ ತಿಂಗಳ ಲೆಕ್ಕ

2024ರ ಏಪ್ರಿಲ್ 20, ಶನಿವಾರ. ರಾತ್ರಿ ಹನ್ನೊಂದೂಕಾಲಿಗೆ ತಮ್ಮನ ಹೆಂಡತಿ ಫೋನ್ ಮಾಡಿದಳು. "ಅಕ್ಕಾ, ಇವ್ರು ಮೊಸರನ್ನಕ್ಕೆ ಹಾಕ್ಕೊಳ್ಳೋಣ ಅಂತ ಉಪ್ಪಿನಕಾಯಿ ಜಾಡಿ ಮುಚ್ಚಳ ತಿರುಗಿಸಿದ್ರು, ಹಾಗೇ ಕೈ ಹಿಡ್ಕೊಂಡು ಕೂತುಬಿಟ್ಟಿದಾರೆ. ನಾಳೆ ಬೆಳಗ್ಗೆ ರಿಹರ್ಸಲ್ಲಿಗೆ ಹೋಗ್ಲೇಬೇಕು ಅಂತಾರೆ. ನೀವೇ ಹೇಳಿ." ಆಗತಾನೇ ಅವನು ಒಂದು ಆರತಕ್ಷತೆಯಲ್ಲಿ ಎರಡೂವರೆ ಗಂಟೆ ಮೃದಂಗ ನುಡಿಸಿ ಬಂದಿದ್ದ. ನುಡಿಸುವಾಗ ನೋವೇ ಇರಲಿಲ್ಲ ಅಂದ. ನೋವು ಹತ್ತು ದಿನದಿಂದ ಇತ್ತು, ಅದರ ಕಡೆ ನೋಡಲು ಅವನಿಗೆ ಪುರಸೊತ್ತು ಇರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಇಪ್ಪತ್ತೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ತಮ್ಮನ ಆದಾಯ ತೆರಿಗೆ ರಿಟರ್ನ್ಸ್ ತುಂಬುವವಳೂ ನಾನೇ. ಹಾಗಾಗಿ ಅವನ ಡೈರಿ, ಸಂಭಾವನೆಯ ಕವರ್‌ಗಳು, ಆಟೋ ಬಾಡಿಗೆ ಗೀಚಿಟ್ಟ ಚೀಟಿಗಳು ಎಲ್ಲ ನನ್ನ ಕೈ ದಾಟಿಯೇ ಹೋಗುತ್ತವೆ. ಕೈ ಕೆಟ್ಟ ಮೇಲೆ ನಾವಿಬ್ಬರೂ ಕೂತು ಆ ತಿಂಗಳನ್ನು ಒಂದೊಂದೇ ದಿನವಾಗಿ ಬಿಡಿಸಿ ನೋಡಿದೆವು. ಅವನ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಅದನ್ನೇ ಇಲ್ಲಿ ಇಡುತ್ತಿದ್ದೇನೆ. ಮನೆಯಲ್ಲಿ ಒಬ್ಬ ಪಕ್ಕವಾದ್ಯದವರು ಇರುವ ಯಾರಿಗಾದರೂ ಇದು ಕೆಲಸಕ್ಕೆ ಬಂದರೆ ನನಗೆ ಸಂತೋಷ.

ಹಿನ್ನೆಲೆ

ಅವನಿಗೆ ಆಗ 38. ಎಂಟನೇ ವಯಸ್ಸಿಗೆ ಮೃದಂಗದ ಮುಂದೆ ಕೂತವನು. ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ಕಂಪನಿಯಲ್ಲಿ ದುಡಿದು 2013ರಲ್ಲಿ ಕೆಲಸ ಬಿಟ್ಟ. ಆಕಾಶವಾಣಿ ಕಲಾವಿದರಿಗೆ ಕೊಡುವ ದರ್ಜೆಗಳಲ್ಲಿ ಬಿ-ಹೈ ಗ್ರೇಡ್ ಇದೆ. ಹನುಮಂತನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಈ ಲಿಫ್ಟಿನ ಮಾತು ಮುಂದೆ ಬರುತ್ತದೆ. ಹೆಂಡತಿ ಶಾಲೆಯಲ್ಲಿ ಟೀಚರ್, ಒಬ್ಬಳು ಮಗಳು. 14 ವಿದ್ಯಾರ್ಥಿಗಳಿಂದ ತಿಂಗಳಿಗೆ ತಲಾ 2,000ದಂತೆ 28,000 ಬರುತ್ತದೆ. ತಿಂಗಳು ತಿಂಗಳೂ ತಪ್ಪದೆ ಬರುವ ದುಡ್ಡು ಅದೊಂದೇ. ಮಿಕ್ಕಿದ್ದೆಲ್ಲ ಫೋನ್ ಬಂದರೆ ಉಂಟು, ಬರದಿದ್ದರೆ ಇಲ್ಲ.

ಇವನು ಮೊದಲು ಹೀಗೆ ಬಂದದ್ದನ್ನೆಲ್ಲ ಒಪ್ಪಿಕೊಳ್ಳುತ್ತಿರಲಿಲ್ಲ. 2020ರ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ದೇಶಕ್ಕೆ ಬೀಗ ಬಿದ್ದದ್ದೂ ಅದೇ ದಿನ. ಏಪ್ರಿಲ್ 2ಕ್ಕೆ ರಾಮನವಮಿ. ವರ್ಷದ ಅರ್ಧ ಸಂಪಾದನೆ ಬರುವ ಕಾಲದ ಬಾಗಿಲಲ್ಲೇ ಡೈರಿಯಲ್ಲಿದ್ದ 17 ಕಾರ್ಯಕ್ರಮಗಳು ಒಂದೇ ವಾರದಲ್ಲಿ ಅಳಿಸಿಹೋದವು. ಒಂದಕ್ಕೂ ಮುಂಗಡ ತೆಗೆದುಕೊಂಡಿರಲಿಲ್ಲ. ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಆ ಬೇಸಿಗೆಯಲ್ಲಿ ಅವನು ಮನೆಯ ಮೂಲೆಯಲ್ಲಿ ಎರಡು ಮೃದಂಗಗಳ ಮೇಲೂ ಹಳೇ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದನ್ನು ನಾನು ನೋಡಿದ್ದೇನೆ. ಮತ್ತೆ ಪ್ರೋಗ್ರಾಂಗಳು ಶುರುವಾದ ಮೇಲೆ ಫೋನ್ ಬಂದರೆ ಅವನ ಬಾಯಲ್ಲಿ ಒಂದೇ ಮಾತು: "ಆಯ್ತು ಸಾರ್, ಬರ್ತೀನಿ."

ಆ ಏಪ್ರಿಲ್ ಯಾಕೆ ಹಾಗಾಯಿತು

ನಮ್ಮಲ್ಲಿ ಪಕ್ಕವಾದ್ಯದವರ ದುಡಿಮೆಯನ್ನು ನಿರ್ಧರಿಸುವುದು ಪಂಚಾಂಗ. ಯುಗಾದಿಯಿಂದ ರಾಮನವಮಿ ಉತ್ಸವಗಳು, ಜೊತೆಗೆ ಮದುವೆಗಳು. ಆಷಾಢದಲ್ಲಿ ಏನೂ ಇಲ್ಲ. ಶ್ರಾವಣಕ್ಕೆ ಉಸಿರು ಬಂದು, ಗಣೇಶ, ನವರಾತ್ರಿ, ರಾಜ್ಯೋತ್ಸವ ಅಂತ ನವೆಂಬರ್ ತನಕ ಓಟ. ಡಿಸೆಂಬರ್‌ನಲ್ಲಿ ಅದೃಷ್ಟವಿದ್ದವರಿಗೆ ಚೆನ್ನೈನ ಸಂಗೀತೋತ್ಸವ.

2024ರಲ್ಲಿ ಈ ಚಕ್ರ ಇನ್ನೂ ಬಿಗಿಯಾಯಿತು. ಯುಗಾದಿ ಏಪ್ರಿಲ್ 9ಕ್ಕೆ, ರಾಮನವಮಿ 17ಕ್ಕೆ. ಏಪ್ರಿಲ್ ಕೊನೆಗೆ ಶುಕ್ರ ಮೌಢ್ಯ (ಗ್ರಹ ಸೂರ್ಯನ ಹತ್ತಿರ ಸರಿದು ಕಾಣದಾಗುವ, ಶುಭಕಾರ್ಯ ಮಾಡದ ಕಾಲ) ಶುರು, ಮೇ ತಿಂಗಳಲ್ಲಿ ಅದರ ಮೇಲೆ ಗುರು ಮೌಢ್ಯ, ಶುಕ್ರ ಬಿಟ್ಟ ಕೂಡಲೇ ಜುಲೈ 6ರಿಂದ ಆಷಾಢ. ಮುಹೂರ್ತ ನೋಡುವ ಮನೆಗಳವರಿಗೆ ಮೇ, ಜೂನ್, ಜುಲೈ ಮೂರೂ ತಿಂಗಳು ಮದುವೆಗೆ ಇಲ್ಲದಂತಾಯಿತು. ಹಾಗಾಗಿ ಮೇನಲ್ಲಿ ಆಗಬೇಕಿದ್ದ ಮದುವೆಗಳೂ ಏಪ್ರಿಲ್ ಒಳಗೇ ನುಗ್ಗಿದವು. ಮಾರ್ಚ್ 16ಕ್ಕೆ ಚುನಾವಣಾ ನೀತಿ ಸಂಹಿತೆ ಬೇರೆ ಬಂತು. ಸರ್ಕಾರಿ ಇಲಾಖೆಯ ದುಡ್ಡಿನಲ್ಲಿ ನಡೆಯಬೇಕಿದ್ದ ಅವನ ಎರಡು ಕಾರ್ಯಕ್ರಮ ಮುಂದಕ್ಕೆ ಹೋದವು.

ರಾಮನವಮಿ ಸಂಗೀತ ಅಂದರೆ ಹೊರಗಿನವರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲ್ ನೆನಪಾಗುತ್ತದೆ. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ಉತ್ಸವ ಅದು. ಆದರೆ ಊರಲ್ಲಿ ಬಡಾವಣೆಗೊಂದು ಮಂಡಳಿ, ದೇವಸ್ಥಾನಕ್ಕೊಂದು ಪೆಂಡಾಲ್ ಇದೆ. ಎಲ್ಲ ಕಡೆಯೂ ಒಬ್ಬ ಹಾಡುವವರಿಗೆ ಒಂದು ಪಿಟೀಲು, ಒಂದು ಮೃದಂಗ ಬೇಕೇ ಬೇಕು. ಎಲ್ಲರಿಗೂ ಸಂಜೆ ಆರೂವರೆಗೇ ಬೇಕು.

ಮುಂದಿನ ಮೂರು ತಿಂಗಳು ಬರಿದು ಅಂತ ಗೊತ್ತಿದ್ದವನು ಏಪ್ರಿಲ್‌ನಲ್ಲಿ ಬಂದದ್ದನ್ನು ಹೇಗೆ ಬಿಟ್ಟಾನು? ಏಪ್ರಿಲ್ 1ರಿಂದ 28ರವರೆಗೆ ಡೈರಿಯಲ್ಲಿ ಇದ್ದದ್ದು: 9 ಕಚೇರಿ, 5 ಆರತಕ್ಷತೆ, 3 ಸ್ಟುಡಿಯೋ ರೆಕಾರ್ಡಿಂಗ್, 2 ಭರತನಾಟ್ಯ ರಂಗಪ್ರವೇಶ (ಕಲಿತವರ ಮೊದಲ ಪೂರ್ಣ ನೃತ್ಯ ಪ್ರದರ್ಶನ), ಆ ರಂಗಪ್ರವೇಶಗಳ 13 ರಿಹರ್ಸಲ್. ಒಟ್ಟು 32 ಸಲ ಮನೆಯಿಂದ ಹೊರಗೆ. ಪಾಠಗಳು ಬೇರೆ.

ಏಪ್ರಿಲ್ 13ರ ಶನಿವಾರ

ಒಂದು ದಿನವನ್ನು ಪೂರ್ತಿ ಹೇಳಿದರೆ ಉಳಿದವು ಅರ್ಥವಾಗುತ್ತವೆ.

ಬೆಳಗ್ಗೆ ಆರಕ್ಕೆ ಆನ್‌ಲೈನ್ ಪಾಠ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದ ಇಬ್ಬರು ಹುಡುಗರಿಗೆ ಅದು ಶುಕ್ರವಾರ ಸಂಜೆ ಐದೂವರೆ. ಎಂಟರಿಂದ ಹತ್ತೂವರೆ ಮನೆಯಲ್ಲೇ ಪಾಠ. ಹನ್ನೊಂದೂವರೆಗೆ ರಾಜಾಜಿನಗರದಲ್ಲಿ ರಂಗಪ್ರವೇಶದ ಒಂಬತ್ತನೇ ರಿಹರ್ಸಲ್. ಮಾರನೇ ದಿನವೇ ಕಾರ್ಯಕ್ರಮ. ಎರಡೂವರೆಗೆ ಆಟೋದಲ್ಲಿ ಕೂತು ಡಬ್ಬಿಯ ಚಿತ್ರಾನ್ನ. ನಾಲ್ಕೂವರೆಗೆ ಮಲ್ಲೇಶ್ವರದಲ್ಲಿ ಕಚೇರಿ. ಆರೂವರೆಗೆ ಅಲ್ಲಿಂದ ಎದ್ದು, ಏಳೂಮುಕ್ಕಾಲಿಗೆ ಬನಶಂಕರಿಯ ಕಲ್ಯಾಣ ಮಂಟಪ. ಮನೆಗೆ ಬಂದಾಗ ಹನ್ನೊಂದೂವರೆ.

ನೃತ್ಯಕ್ಕೆ ಹಾಡುವಾಕೆಯದು ಐದೂವರೆ ಮನೆಯ ಎತ್ತರದ ಶ್ರುತಿ. ಸಂಜೆ ಕಚೇರಿಯ ವಿದ್ವಾಂಸರದು ಒಂದು ಮನೆ, ತಗ್ಗಿನದು. ಒಂದೇ ಮೃದಂಗ ಎರಡಕ್ಕೂ ಆಗುವುದಿಲ್ಲ. ಹಾಗಾಗಿ ಹೆಚ್ಚು ಶ್ರುತಿಯದೊಂದು, ತಗ್ಗು ಶ್ರುತಿಯದೊಂದು, ಎರಡೂ ಜೊತೆಗೆ. ಹಲಸಿನ ಮರದ್ದು, ಒಂದೊಂದೂ ಹತ್ತಿರ ಹತ್ತಿರ ಹತ್ತು ಕಿಲೋ.

ಆ ತಿಂಗಳ ಬಿಸಿಲು ಬೆಂಗಳೂರಿನವರಿಗೆ ನೆನಪಿರುತ್ತದೆ. ಮಳೆಯ ಸುಳಿವೇ ಇರಲಿಲ್ಲ. ಒಣ ಸೆಕೆಗೆ ಚರ್ಮ ಬಿಗಿದು ಬಲಗಡೆಯ ಶ್ರುತಿ ಏರುತ್ತಲೇ ಇರುತ್ತದೆ. ಮಲ್ಲೇಶ್ವರದ ಕಚೇರಿಗೆ ನಾನೂ ಹೋಗಿದ್ದೆ. ವೇದಿಕೆಯ ಪಕ್ಕದಲ್ಲಿ ಅವನು ಸ್ಟೀಲ್ ಬಟ್ಟಲಲ್ಲಿ ರವೆ ನಾದಿ, ಬಿಲ್ಲೆ ಮಾಡಿ, ಎಡ ಮುಚ್ಚಿಗೆಯ, ಅಂದರೆ ಎಡಬದಿಯ ಚರ್ಮದ, ನಡುವೆ ಇಟ್ಟು ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತಿದ್ದ. ಒತ್ತುವಾಗ ಒಂದು ಸಲ ಮುಖ ಕಿವುಚಿದ. ನಾನು ಸೆಕೆಗೆ ಅಂದುಕೊಂಡೆ. ಎರಡನೇ ಕೃತಿ ಮುಗಿಯುವಷ್ಟರಲ್ಲಿ ಫ್ಯಾನ್ ಗಾಳಿಗೆ ರವೆ ಒಣಗಿ ಅಂಚು ಬಿರಿಯಿತು. ಅವನು ಲೋಟಕ್ಕೆ ಬೆರಳು ಅದ್ದಿ ಸವರಿಕೊಂಡ. ಆಲಾಪನೆ ನಡೆಯುತ್ತಿದ್ದಾಗ ಕಲ್ಲು, ಗೂಟ ತೆಗೆದು ಮುಚ್ಚಿಗೆಯ ಹೆಣಿಗೆಯನ್ನು ಕೆಳಗಿನಿಂದ ಮೆಲ್ಲಗೆ ತಟ್ಟಿ ಶ್ರುತಿ ಇಳಿಸಿದ. ತನಿ ಆವರ್ತನಕ್ಕೆ, ಅಂದರೆ ಹಾಡು ನಿಂತು ತಾಳವಾದ್ಯವೊಂದೇ ನುಡಿಯುವ ಭಾಗಕ್ಕೆ, ಅವತ್ತು ಸಿಕ್ಕಿದ್ದು ಏಳು ನಿಮಿಷ. ಆ ಏಳು ನಿಮಿಷ, ಏಳರ ಎಣಿಕೆಯ ಮಿಶ್ರ ನಡೆಯಲ್ಲಿ ಅವನು ನುಡಿಸಿದ್ದನ್ನು ಕೇಳಿ ಮುಂದಿನ ಸಾಲಿನ ಅಜ್ಜಿಯೊಬ್ಬರು ತಾಳ ಹಾಕುವುದನ್ನೇ ಬಿಟ್ಟು ಸುಮ್ಮನೆ ಕೂತರು. ಅವನು ಕಂಪನಿ ಬಿಟ್ಟದ್ದು ಇದಕ್ಕೇ. ಆ ಮುಖ ನೋಡಿದ ಯಾರೂ ಅವನಿಗೆ "ವಾಪಸ್ ಕೆಲಸಕ್ಕೆ ಸೇರಿಕೋ" ಅನ್ನಲಾರರು. ನಾನಂತೂ ಅಂದಿಲ್ಲ.

ಮಂಗಳ ಆದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಅವನು ಕೈ ಮುಗಿದು ನಗುತ್ತಾ ಕೂತಿದ್ದ. ಬನಶಂಕರಿಗೆ ಬುಕ್ ಮಾಡಿದ ಕ್ಯಾಬ್ ಹೊರಗೆ ಹಾರ್ನ್ ಮಾಡುತ್ತಿತ್ತು.

ಲೆಕ್ಕ

ಪಕ್ಕವಾದ್ಯದವರ ಸಂಭಾವನೆಯನ್ನು ಮೊದಲೇ ಹೇಳುವ ರೂಢಿ ತುಂಬಾ ಕಡೆ ಇಲ್ಲ. "ಡೇಟ್ ಬ್ಲಾಕ್ ಮಾಡ್ಕೊಳಿ, ಮಿಕ್ಕಿದ್ದು ನೋಡ್ಕೋತೀವಿ ಬಿಡಿ" ಅನ್ನುತ್ತಾರೆ. ಎಷ್ಟು ಅಂತ ಕೇಳುವುದು ಒಂದು ಬಗೆಯ ಅಮರ್ಯಾದೆ. ಮನೆಗೆ ಬಂದು ಕವರ್ ಬಿಚ್ಚಿದಾಗಲೇ ಗೊತ್ತಾಗುವುದು. ಆ ತಿಂಗಳು 20ರವರೆಗೆ ನುಡಿಸಿದ ಏಳು ಕಚೇರಿಯ ಕವರ್‌ಗಳಲ್ಲಿ ಕಡಿಮೆ ಇದ್ದದ್ದು 2,500, ಹೆಚ್ಚು ಇದ್ದದ್ದು 6,000. ಸರಾಸರಿ 4,000.

ನಾನು ಗಂಟೆಯ ಲೆಕ್ಕ ಹಾಕಿದೆ. ಅವನಿಗೆ ಅದು ಮೊದಮೊದಲು ಹಿಡಿಸಲಿಲ್ಲ. "ಸಂಗೀತಾನ ಗಂಟೆ ಲೆಕ್ಕದಲ್ಲಿ ಅಳೀಬೇಡ ಅಕ್ಕಾ" ಅಂದ. "ಸಂಗೀತ ಅಳೀತಿಲ್ಲ ಕಣೋ, ನಿನ್ನ ದಿನ ಅಳೀತಿದೀನಿ" ಅಂದೆ.

ಎರಡೂವರೆ ಗಂಟೆಯ ಕಚೇರಿಗೆ ಮನೆ ಬಿಟ್ಟು ಮನೆ ಸೇರುವ ತನಕ ಆರೂವರೆ ಗಂಟೆ. 4,000ದಲ್ಲಿ ಓಡಾಟದ 700 ಕಳೆದರೆ ಗಂಟೆಗೆ 508 ರೂಪಾಯಿ. ಆರತಕ್ಷತೆಗೆ 12,000, ಐದೂವರೆ ಗಂಟೆ, ಖರ್ಚು 800. ಗಂಟೆಗೆ 2,036. ಜನ ವಧೂವರರ ಜೊತೆ ಫೋಟೋಗೆ ಸಾಲು ನಿಂತಿರುತ್ತಾರೆ, ಊಟದ ಹಾಲ್‌ನಿಂದ ಗದ್ದಲ ಬರುತ್ತಿರುತ್ತದೆ, ಕೇಳುವವರು ನಾಲ್ಕು ಜನ. ಆದರೆ ದುಡ್ಡು ಅಲ್ಲಿಯೇ. ಸ್ಟುಡಿಯೋಗೆ 5,000, ನಾಲ್ಕು ಗಂಟೆ, ಖರ್ಚು 400. ಗಂಟೆಗೆ 1,150. ಅದರಲ್ಲೂ ಎರಡು ರೆಕಾರ್ಡಿಂಗ್ ನೃತ್ಯ ಶಾಲೆಗಳಿಗೆ. ಆ ಟ್ರ್ಯಾಕ್ ಕೈಗೆ ಬಂದ ಮೇಲೆ ಅವರು ಸಣ್ಣಪುಟ್ಟ ಕಾರ್ಯಕ್ರಮಕ್ಕೆ ಮೃದಂಗದವರನ್ನು ಕರೆಯುವುದಿಲ್ಲ. ತನ್ನ ಮುಂದಿನ ವರ್ಷದ ಕೆಲಸವನ್ನು ತಾನೇ ನುಡಿಸಿ ಮುಗಿಸಿ ಬಂದಂತೆ.

ನನಗೆ ಆಶ್ಚರ್ಯವಾದದ್ದು ರಂಗಪ್ರವೇಶದ ಸಾಲು. ಒಂದಕ್ಕೆ 25,000. ಡೈರಿಯಲ್ಲಿ ಅದು ಎಲ್ಲಕ್ಕಿಂತ ದಪ್ಪ ಅಂಕಿ. ಅವನೂ ಅದನ್ನೇ ನೆಚ್ಚಿಕೊಂಡಿದ್ದ. ಮೊದಲು ನಾಲ್ಕು ರಿಹರ್ಸಲ್ ಅಂದಿದ್ದರು. ಮಗುವಿಗೆ ಇನ್ನೂ ಧೈರ್ಯ ಸಾಲದು, ವರ್ಣದಲ್ಲಿ ಒಂದು ಜತಿ ಬದಲಾಯಿತು, ಹಾಡುವವರು ಅವತ್ತು ಬಂದಿರಲಿಲ್ಲ ಅಂತ ಹದಿಮೂರು ದಿನದಲ್ಲಿ ಒಂಬತ್ತಾಯಿತು. ಒಂದೊಂದಕ್ಕೂ ಓಡಾಟ ಸೇರಿ ನಾಲ್ಕು ಗಂಟೆ, ಕಾರ್ಯಕ್ರಮದ ದಿನ ಒಂಬತ್ತು ಗಂಟೆ. ಒಟ್ಟು 45 ಗಂಟೆ. ಆಟೋಗೆ 5,000 ಹೋಯಿತು. ಗಂಟೆಗೆ 444 ರೂಪಾಯಿ. ಕಚೇರಿಗಿಂತಲೂ ಕಡಿಮೆ. ಅದೇ ನಾಲ್ಕು ರಿಹರ್ಸಲ್ಲಿಗೆ ನಿಂತಿದ್ದರೆ 25 ಗಂಟೆ, 2,500 ಖರ್ಚು, ಗಂಟೆಗೆ 900.

ಇಷ್ಟು ವರ್ಷ ನಾನೂ ಅವನೂ ಕಚೇರಿಗಳು ಜಾಸ್ತಿಯಾದವು ಅಂತಲೇ ಮಾತಾಡಿಕೊಳ್ಳುತ್ತಿದ್ದೆವು. ಅವನನ್ನು ಅರೆದದ್ದು ಕಚೇರಿಗಳಲ್ಲ. ಎಷ್ಟು ಅಂತ ಯಾರೂ ಮೊದಲೇ ಹೇಳದ ಗಂಟೆಗಳು.

ಏಪ್ರಿಲ್ 20ರವರೆಗೆ 23 ಸಲ ಹೋಗಿ ದುಡಿದದ್ದು 1,04,000. ತಿಂಗಳ ಕೊನೆಗೆ ಕೈಗೆ ಬಂದದ್ದು 77,000. ಮೂರು ಸ್ಟುಡಿಯೋದ 15,000, ಒಂದು ಆರತಕ್ಷತೆಯ 12,000 ಬಾಕಿ. ಬಲ ಮುಚ್ಚಿಗೆ ಬದಲಾಯಿಸಿದ ಖರ್ಚು ಇದರಲ್ಲಿ ಸೇರಿಲ್ಲ.

ತೆರಿಗೆಯದು ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ತುಂಬಾ ಜನ ಕಲಾವಿದರು ಇದರಲ್ಲಿ ಕಷ್ಟಪಡುತ್ತಾರೆ. ಹಿಂದಿನ ವರ್ಷ ಒಂದು ಕಂಪನಿಯ ಸಮಾರಂಭಕ್ಕೆ ತಾಳವಾದ್ಯ ತಂಡ ಕಟ್ಟಿಕೊಂಡು ಹೋಗಿದ್ದ. 60,000 ಇವನ ಹೆಸರಿಗೇ ಬಂತು, ಶೇಕಡಾ 10ರಂತೆ 6,000 ಟಿಡಿಎಸ್ (ಕೊಡುವವರೇ ಮೊದಲೇ ಮುರಿದು ಕಟ್ಟುವ ತೆರಿಗೆ) ಮುರಿದುಕೊಂಡರು. ಜೊತೆಗೆ ನುಡಿಸಿದ ಮೂವರಿಗೆ ಇವನು ತಲಾ 13,000 ಕೊಟ್ಟ, ನಗದಾಗಿ, ಚೀಟಿ ಇಲ್ಲದೆ. ಕಾಗದದ ಮೇಲೆ ಅಷ್ಟೂ ಇವನ ಆದಾಯವಾಗಿ ನಿಂತಿತು. ಈಗ ಬ್ಯಾಂಕ್ ಮೂಲಕವೇ ಕೊಡುತ್ತಾನೆ. ಟಿಡಿಎಸ್ ಮುರಿಯುವ ಮಿತಿ ಆಗ ವರ್ಷಕ್ಕೆ 30,000 ಇತ್ತು, 2025ರ ಏಪ್ರಿಲ್‌ನಿಂದ 50,000 ಆಯಿತು. ಮುರಿದದ್ದು ಹೋಯಿತು ಅಂತ ಬಿಡಬೇಡಿ. ರಿಟರ್ನ್ಸ್ ತುಂಬಿದರೆ, ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾದದ್ದು ವಾಪಸ್ ಬರುತ್ತದೆ.

ಕೈ

ಭಾನುವಾರದ ರಿಹರ್ಸಲ್ಲಿಗೆ ಅವನನ್ನು ಹೋಗಗೊಡಲಿಲ್ಲ. 22ರ ಸೋಮವಾರ ಮೂಳೆ ಡಾಕ್ಟರ ಹತ್ತಿರ ಹೋದೆವು. ಹೆಬ್ಬೆರಳನ್ನು ಒಳಗೆ ಮಡಿಚಿ ಮುಷ್ಟಿ ಕಟ್ಟಿ ಅಂದರು. ಆ ಮುಷ್ಟಿಯನ್ನು ಕಿರುಬೆರಳಿನ ಕಡೆ ನಿಧಾನವಾಗಿ ಬಾಗಿಸಿದರು. ಇವನು ಕುರ್ಚಿಯಿಂದ ಎದ್ದೇಬಿಟ್ಟ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಹೋಗುವ ಸ್ನಾಯುರಜ್ಜುಗಳು ಹಾದುಹೋಗುವ ಕೊಳವೆ ಊದಿಕೊಂಡಿದೆ, ಡಿ ಕ್ವೆರ್ವೇನ್ ಅಂತ ಅದರ ಹೆಸರು ಅಂದರು.

"ನುಡಿಸಿ ನುಡಿಸಿ ಹೀಗಾಯ್ತಾ ಡಾಕ್ಟ್ರೇ?" ಅಂತ ನಾನು ಕೇಳಿದೆ. ಅವರು ಅದಕ್ಕೆ ಉತ್ತರಿಸದೆ, ಆ ಎರಡು ಚೀಲವನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸ್ತೀರಿ ಅಂತ ಅವನನ್ನು ಕೇಳಿದರು. ನಾವು ಅಲ್ಲೇ ಕೂತು 13ನೇ ತಾರೀಖನ್ನು ಎಣಿಸಿದೆವು. ಮನೆಯ ಮೆಟ್ಟಿಲು ಇಳಿದದ್ದು, ರಾಜಾಜಿನಗರದಲ್ಲಿ ಹತ್ತಿ ಇಳಿದದ್ದು, ಮಲ್ಲೇಶ್ವರದಲ್ಲಿ ಆಟೋದಿಂದ ಇಳಿಸಿ ವೇದಿಕೆಗೆ, ವೇದಿಕೆಯಿಂದ ಕ್ಯಾಬಿಗೆ, ಬನಶಂಕರಿಯಲ್ಲಿ ಮತ್ತೆ ಅಷ್ಟೇ, ಕೊನೆಗೆ ಹನ್ನೊಂದೂವರೆಗೆ ಮನೆಯ ಎರಡು ಮಹಡಿ. ಇಪ್ಪತ್ತು ಸಲ. ಬಲಗೈಯನ್ನು ಜೋಪಾನ ಮಾಡಬೇಕು ಅಂತ ಚಿಕ್ಕಂದಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗಾಗಿ ಭಾರವನ್ನೆಲ್ಲ ಎಡಗೈಯಲ್ಲಿ ಎತ್ತುತ್ತಿದ್ದ. ನುಡಿಸುವುದೂ ಸೇರಿಕೊಂಡಿರುತ್ತದೆ, ಆದರೆ ಮೊದಲು ಹೊರುವುದನ್ನು ನಿಲ್ಲಿಸಿ ಅಂದರು ಡಾಕ್ಟರು.

ಹೆಬ್ಬೆರಳು ಸಮೇತ ಕೈ ಹಿಡಿದಿಡುವ ಪಟ್ಟಿ, ಆರು ವಾರ. ಅದಕ್ಕೆ ಬಗ್ಗದಿದ್ದರೆ ಇಂಜೆಕ್ಷನ್.

ಉಳಿದಿದ್ದದ್ದು ಒಂಬತ್ತು: ಎರಡು ಕಚೇರಿ, ಎರಡು ಆರತಕ್ಷತೆ, ಇನ್ನೊಂದು ರಂಗಪ್ರವೇಶ, ಅದರ ನಾಲ್ಕು ರಿಹರ್ಸಲ್. 57,000 ರೂಪಾಯಿ. ಇಎಸ್ಐ ಇಲ್ಲ, ಪಿಎಫ್ ಇಲ್ಲ, ಸಂಬಳದ ರಜೆ ಇಲ್ಲ. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ, ಅದು 58 ದಾಟಿದವರಿಗೆ. ಅವತ್ತು ರಾತ್ರಿ ಅವನು ಒಬ್ಬೊಬ್ಬರಿಗೂ ತಾನೇ ಫೋನ್ ಮಾಡಿದ. ಬದಲಿಗೆ ಯಾರು ಬರುತ್ತಾರೆ ಅನ್ನುವುದನ್ನೂ ಗೊತ್ತು ಮಾಡಿಯೇ ಹೇಳಿದ. ಈ ಕಸುಬಿನವರ ಒಂದು ಗುಣವನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಎರಡು ಗಂಟೆಯಲ್ಲಿ ಒಂಬತ್ತಕ್ಕೂ ಆಳು ಸಿಕ್ಕರು, ಒಬ್ಬರೂ ಕಮಿಷನ್ ಮಾತಾಡಲಿಲ್ಲ. ವಯಸ್ಸಾದ ವಿದ್ವಾಂಸರೊಬ್ಬರು, "ನೀನು ಕೈ ನೋಡ್ಕೋ ಮಗಾ, ನಾನು ಹೋಗ್ಬರ್ತೀನಿ" ಅಂದರು. ಇವನು ತಲೆ ಅಲ್ಲಾಡಿಸಿದ, ಮಾತು ಹೊರಡಲಿಲ್ಲ. ಒಬ್ಬ ಸಂಘಟಕರು ಮಾತ್ರ "ಮೊದಲೇ ಹೇಳಬಾರದಿತ್ತಾ" ಅಂದವರು ಆಮೇಲೆ ಕರೆಯಲೇ ಇಲ್ಲ.

ಆ ಮೇಲೆ

ಪಟ್ಟಿ ಕಟ್ಟಿಕೊಂಡ ಆರು ವಾರ ಪಾಠ ನಿಲ್ಲಿಸಲಿಲ್ಲ. ಬಲಗೈಯಲ್ಲಿ ತಾಳ ಹಾಕಿ, ಬಾಯಲ್ಲಿ ಕೊನ್ನಕ್ಕೋಲ್, ಅಂದರೆ ಮೃದಂಗದ ಸೊಲ್ಲುಗಳನ್ನು, ಹೇಳಿಕೊಟ್ಟ. ಮಕ್ಕಳ ಕೈಗಿಂತ ಮೊದಲು ಬಾಯಿ ತಿದ್ದಿತು ಅಂತ ಈಗ ಅವನೇ ಹೇಳುತ್ತಾನೆ. ಕೊನ್ನಕ್ಕೋಲ್ ಮಾತ್ರ ಕಲಿಯಬೇಕು ಅಂತ ಇಬ್ಬರು ಹೊಸದಾಗಿ ಸೇರಿದರು.

ಸಾಮಾನಿನ ವಿಷಯ ಸುಲಭವಾಗಿ ಬಗೆಹರಿಯಿತು. ಚಕ್ರದ ಚೀಲ ತಂದೆವು. ತಗ್ಗು ಶ್ರುತಿಯ ಹಳೇ ಮೃದಂಗವೊಂದನ್ನು ಮಲ್ಲೇಶ್ವರದ ಗೆಳೆಯನ ಮನೆಯಲ್ಲೇ ಇಟ್ಟ. ಮೆಟ್ಟಿಲಿಗೆ ಆಟೋ ಡ್ರೈವರಿಗೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟು ಕೈ ಹಾಕಿಸಿಕೊಳ್ಳುತ್ತಾನೆ.

ಕಷ್ಟವಾದದ್ದು ಬಾಯಿ ಬಿಡುವುದು. "ಸಂಭಾವನೆ ಎಷ್ಟು ಅಂತ ಮೊದಲೇ ಹೇಳಿಬಿಟ್ರೆ ನನಗೆ ಅನುಕೂಲ ಸಾರ್." ಈ ಒಂದು ವಾಕ್ಯವನ್ನು ನಮ್ಮ ಅಡುಗೆಮನೆಯಲ್ಲಿ ನಾನು ಸಂಘಟಕಿಯಾಗಿ ಫೋನ್ ಹಿಡಿದು ಅವನಿಂದ ಹತ್ತು ಸಲ ಹೇಳಿಸಿದೆ. ಮೂರೂವರೆ ನಿಮಿಷ ನಿಲ್ಲದೆ ಕೋರ್ವೆ ಅನ್ನುವ ಲಯದ ಹೆಣಿಗೆ ಕಟ್ಟಿ, ಹಾಡು ಎತ್ತುವ ಜಾಗಕ್ಕೆ ಸರಿಯಾಗಿ ತಂದು ನಿಲ್ಲಿಸುವವನು ಆ ವಾಕ್ಯದ ಮಧ್ಯೆ ತಡವರಿಸುತ್ತಿದ್ದ. ಎರಡನೆಯದು ರಂಗಪ್ರವೇಶದ ಕರಾರು: ನಾಲ್ಕು ರಿಹರ್ಸಲ್ ಸಂಭಾವನೆಯೊಳಗೇ, ಐದನೆಯದರಿಂದ ಒಂದೊಂದಕ್ಕೆ 1,500. ವಾಟ್ಸಾಪ್‌ನಲ್ಲಿ ಬರೆದು ಕಳಿಸುವುದು. ಇಬ್ಬರು ನೃತ್ಯ ಗುರುಗಳು ತಕ್ಷಣ ಒಪ್ಪಿದರು. ಅವರಲ್ಲಿ ಒಬ್ಬರು, ನಮ್ಮ ಪಿಟೀಲಿನವರಿಗೂ ಇದೇ ಮಾಡ್ತೀನಿ ಅಂದರು. ಮೂರನೆಯ ಗುರುಗಳೊಬ್ಬರು ಕರೆಯುವುದನ್ನೇ ಬಿಟ್ಟರು. ಆ ನಷ್ಟ ನಿಜವಾದದ್ದೇ, ವರ್ಷಕ್ಕೆ ಎರಡು ಕಾರ್ಯಕ್ರಮ.

ಆಷಾಢದಲ್ಲಿ ಎಂದಿನಂತೆ ಫೋನ್ ಮಲಗಿತ್ತು. ಕೈ ವಾಸಿಯಾಗಿತ್ತು. ಬೆಳಗ್ಗೆ ಐದಕ್ಕೆ ಎದ್ದು ತನಗಾಗಿ ಎರಡು ಗಂಟೆ ಸಾಧನೆ ಮಾಡುತ್ತಿದ್ದ. ಎಷ್ಟೋ ವರ್ಷದ ಮೇಲೆ ಅದಕ್ಕೆ ಸಮಯ ಸಿಕ್ಕಿತ್ತು.

2025ರ ಏಪ್ರಿಲ್‌ನಲ್ಲಿ ಮತ್ತೆ ಡೈರಿ ತೆಗೆದೆ. 8 ಕಚೇರಿ, 4 ಆರತಕ್ಷತೆ, 2 ಸ್ಟುಡಿಯೋ, 1 ರಂಗಪ್ರವೇಶ, 5 ರಿಹರ್ಸಲ್. 20 ಸಲ ಹೊರಗೆ, 1,24,500 ರೂಪಾಯಿ. ಹಿಂದಿನ ವರ್ಷ 32ನ್ನೂ ಮುಗಿಸಿದ್ದರೆ 1,61,000 ಬರುತ್ತಿತ್ತು ಅನ್ನುವುದನ್ನೂ ಅವನಿಗೆ ತೋರಿಸಿದೆ. ಸುಳ್ಳು ಲೆಕ್ಕ ಕೊಟ್ಟು ಒಪ್ಪಿಸುವುದು ನನಗೆ ಬೇಕಿರಲಿಲ್ಲ. ಅವನು ಎರಡೂ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿ, ಪಟ್ಟಿ ಕಟ್ಟುತ್ತಿದ್ದ ಜಾಗವನ್ನು ಸವರಿಕೊಂಡ.

ನಾವು ಹಾಗೆ ಕೂತಿದ್ದಾಗಲೇ ಫೋನ್ ಬಂತು. ಜೂನ್‌ನಲ್ಲಿ ಒಂದು ರಂಗಪ್ರವೇಶ. ಅವನು ಎದ್ದು ಬಾಲ್ಕನಿಗೆ ಹೋದ. "ಡೈರಿ ನೋಡಿ ಹತ್ತು ನಿಮಿಷದಲ್ಲಿ ಹೇಳ್ತೀನಮ್ಮಾ" ಅಂದದ್ದು ಕೇಳಿಸಿತು. ಡೈರಿ ನನ್ನ ತೊಡೆಯ ಮೇಲಿತ್ತು, ಜೂನ್ ಪೂರ್ತಿ ಖಾಲಿ.

"ಎಷ್ಟು ರಿಹರ್ಸಲ್ ಅಂತೆ?" ಕೇಳಿದೆ.

"ಏಳು ಅಂದ್ರು. ನಾಲ್ಕರ ಮೇಲೆ ಎಷ್ಟಾಗತ್ತೆ ಅಂತ ಹೇಳಿದೀನಿ. ಟೀಚರನ್ನ ಕೇಳ್ಕೊಂಡು ಅವರೂ ಹತ್ತು ನಿಮಿಷದಲ್ಲಿ ಹೇಳ್ತಾರಂತೆ."

ಫೋನನ್ನು ಟೀಪಾಯಿ ಮೇಲೆ ಇಟ್ಟು, ಅವನು ಕಾಫಿ ಬಿಸಿ ಮಾಡಲು ಒಳಗೆ ಹೋದ.